ಹದಿಮೂರು ಪಾಯಿಂಟ್ ಎರಡು

ಪರದೆಯ ಮೇಲೆ ಏಳು ಗೆರೆಗಳು ಎಡದಿಂದ ಬಲಕ್ಕೆ ಓಡುತ್ತಿದ್ದವು. ಆರು ಗೆರೆಗಳು ಗಾಳಿಯಿಲ್ಲದ ಹೊತ್ತಿನ ಕೆರೆಯ ನೀರಿನಂತೆ ನುಣ್ಣಗಿದ್ದವು. ಏಳನೆಯದು ಮಾತ್ರ ಸಣ್ಣಗೆ ನಡುಗುತ್ತಿತ್ತು. ಒಂದು ತಗ್ಗು, ಒಂದು ಉಬ್ಬು, ಮತ್ತೆ ತಗ್ಗು, ಮತ್ತೆ ಉಬ್ಬು.

“ಆ ಕೆಳಗಿನ ಗೆರಿ ಯಾಕ ಹಂಗ ನಡಗಾಕತ್ತೈತ್ರಿ?” ಎಂದು ಮೇಲ್ವಿಚಾರಕ ಘಾಟಗೆ ಸರ್ ಬೇಸಿಗೆಯ ಮೊದಲಲ್ಲೇ ಒಮ್ಮೆ ಬೆನ್ನ ಹಿಂದೆ ಬಂದು ನಿಂತು ಕೇಳಿದ್ದರು. “ಏನೋ ಗದ್ದಲ ಇರಬೇಕು. ಫಿಲ್ಟರ್ ಹಾಕಿ ಸಾಪ್ ಮಾಡ್ಬಿಡ್ರಿ. ನೋಡಾಕ ಚಂದ ಕಾಣಂಗಿಲ್ಲ.”

ಸುಗಲಾ ತಲೆಯಾಡಿಸಿದ್ದಳು. ಫಿಲ್ಟರ್ ಹಾಕಿರಲಿಲ್ಲ.

ಅದು ಅವಳ ಅಪ್ಪನ ಉಸಿರು. ಸುಣ್ಣದ ಭಟ್ಟಿಯಲ್ಲಿ ದುಡಿದು ದುಡಿದು ಸಿದ್ರಾಮಪ್ಪನ ಎದೆ ಜಾಳುಜಾಳಾಗಿತ್ತು. ಮೂಗಿಗೆ ನಳಿಗೆ ಹಚ್ಚಿಕೊಂಡು ಆಕ್ಸಿಜನ್ ಯಂತ್ರದ ಪಕ್ಕದಲ್ಲೇ ಅವನ ಹಗಲೂ ರಾತ್ರಿಯೂ ಕಳೆಯುತ್ತಿದ್ದವು. ಯಂತ್ರ ಗಾಳಿ ಒತ್ತುವಾಗ ಬ್ಯಾಟರಿಯಿಂದ ಒಂದು ಗುಟುಕು ಹೆಚ್ಚು ಕರೆಂಟು ಎಳೆಯುತ್ತದೆ, ಬಿಡುವಾಗ ಕಡಿಮೆ. ಎಳೆದಾಗಲೆಲ್ಲ ವೋಲ್ಟೇಜು ಕೂದಲೆಳೆಯಷ್ಟು ಇಳಿಯುತ್ತದೆ. ಪರದೆಯನ್ನು ಹಿಗ್ಗಿಸಿ ನೋಡಿದರೆ ಆ ಇಳಿತ ಕಾಣುತ್ತದೆ. ಎಷ್ಟೋ ಮೈಲಿ ದೂರದ ಹುಬ್ಬಳ್ಳಿಯ ಕಾವಲು ಕೋಣೆಯಲ್ಲಿ ಕುಳಿತು, ಯಾರಿಗೂ ಹೇಳದೆ, ಸುಗಲಾ ದಿನವೆಲ್ಲ ತನ್ನ ಅಪ್ಪ ಬದುಕಿರುವುದನ್ನು ನೋಡುತ್ತಿದ್ದಳು.

ಭೀಮಾ ತೀರದ ಊರುಗಳಲ್ಲಿ ಬೇಸಿಗೆ ಕಳೆಯುವುದು ಮನುಷ್ಯಮಾತ್ರರಿಗೆ ಆಗದ ಕೆಲಸ ಎಂದಾದ ಮೇಲೆ ಜನ ಮನೆಗೆ ಬೀಗ ಹಾಕಿ ಗಾಡಿ ಹತ್ತುವುದನ್ನು ಕಲಿತಿದ್ದರು. ಗಾಡಿಗಳೇನೂ ಇವರಿಗಾಗಿ ಕಟ್ಟಿದವಲ್ಲ. ಹಿಂದೆ ಉಳ್ಳವರು ರಜೆಯಲ್ಲಿ ಮೋಜಿಗೆ ತಿರುಗಾಡಲೆಂದು ಮಾಡಿಸಿದ ಕ್ಯಾರವಾನ್‌ಗಳು ಅವು. ಮೈಮೇಲೆ ಅಂಟಿಸಿದ್ದ ಸಮುದ್ರ, ತೆಂಗಿನಮರ, ಕಪ್ಪು ಕನ್ನಡಕದ ಹುಡುಗಿಯ ಚಿತ್ರಗಳು ಈಗ ಸುಲಿದ ಚರ್ಮದಂತೆ ಜೋತಾಡುತ್ತಿದ್ದವು. ಒಳಗೆ ಜೋಳದ ಚೀಲ, ರೊಟ್ಟಿ ಬುಟ್ಟಿ, ಹಾಸಿಗೆಯ ಸುರುಳಿ. ನೆತ್ತಿಯ ಮೇಲೆ ಸೋಲಾರ್ ಫಲಕ, ಸೀಟಿನ ಕೆಳಗೆ ಬ್ಯಾಟರಿ. ಬ್ಯಾಟರಿ ಇದ್ದರೆ ಏಸಿ. ಹೊರಗೆ ಐವತ್ತು ಡಿಗ್ರಿ ದಾಟಿದ ಮಧ್ಯಾಹ್ನ ಏಸಿ ನಿಂತುಹೋದರೆ ಆ ತಗಡಿನ ಡಬ್ಬಿಯೊಳಗೆ ಏನಾಗುತ್ತದೆಂಬುದನ್ನು ಜನ ಒಂದು ಬೇಸಿಗೆಯಲ್ಲಿ ನೋಡಿದ್ದರು. ಆಮೇಲೆ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಅಂದಿನಿಂದ ಪ್ರತಿ ಗಾಡಿಗೂ ಒಂದು ಮೀಟರು ಬಂತು. ಮೀಟರು ಉಪಗ್ರಹದ ಮೂಲಕ ಕಾವಲು ಕೋಣೆಗೆ ವೋಲ್ಟೇಜನ್ನು ಕಳಿಸುತ್ತಿತ್ತು, ಗಾಡಿಗೊಂದು ಗೆರೆಯಾಗಿ. ಕೋಣೆಯವರು ಕಂಡದ್ದನ್ನು ಬರೆದು ಮೀಟರಿನ ಪುಟ್ಟ ಪರದೆಗೆ ಕಳಿಸುತ್ತಿದ್ದರು. ತೀರಾ ಜರೂರು ಇದ್ದರೆ ಎಲ್ಲ ಮೀಟರುಗಳಲ್ಲೂ ಕೇಳುವಂತೆ ಮೈಕಿನಲ್ಲಿ ಮಾತಾಡಬಹುದಿತ್ತು. ಅತ್ತಲಿಂದ ಮಾತು ಬರುವ ಏರ್ಪಾಡು ಮಾತ್ರ ಇರಲಿಲ್ಲ.

ಸುಗಲಾಳ ಮೈಕಿಗೆ ಹೊಸದರಲ್ಲಿ ಹಾಕಿದ್ದ ಪ್ಲಾಸ್ಟಿಕ್ ಚೀಲ ಇನ್ನೂ ಹಾಗೇ ಇತ್ತು. ಮಾತೆಂದರೆ ಅವಳಿಗೆ ಬಾಯಿ ಒಣಗುತ್ತಿತ್ತು. ಕ್ಯಾಂಟೀನಿನಲ್ಲಿ ಚಹಾ ಬೇಕೆನ್ನಲೂ ಬೆರಳು ತೋರಿಸುವವಳು. ಬರೆಯುವುದಾದರೆ ಸರಿ, ಬೆರಳುಗಳು ತಾವಾಗಿಯೇ ಓಡುತ್ತಿದ್ದವು.

ಆ ದಿನ ಮಧ್ಯಾಹ್ನಕ್ಕೆ ಅವಳ ಊರಿನ ಏಳೂ ಗಾಡಿಗಳು ಕೆಂಗಲ್ಲ ಬಯಲಿನಲ್ಲಿ ಸಿಕ್ಕಿಬಿದ್ದು ಎರಡು ದಿನವಾಗಿತ್ತು. ಘಟ್ಟದ ಸೆರಗಿನ ತಂಪಿಗೆ ಹೊರಟವರು ದಾರಿಯಲ್ಲೇ ಧೂಳಿನ ಬಿರುಗಾಳಿಗೆ ಸಿಲುಕಿದ್ದರು. ಫೋನಿನ ಕಂಬಗಳು ಉರುಳಿದ್ದವು. ಆಕಾಶವೆಂಬುದು ಇಟ್ಟಿಗೆಪುಡಿಯಾಗಿ ಸೋಲಾರ್ ಫಲಕಗಳ ಮೇಲೆ ಕೂತಿತ್ತು. ಚಾರ್ಜು ಮಾಡುವ ಲಾರಿ ಬಾಗಲಕೋಟೆ ಬಿಟ್ಟಿದೆ, ಹೊತ್ತು ಮುಳುಗುವುದರೊಳಗೆ ಮುಟ್ಟುತ್ತದೆ ಎಂದು ಸುದ್ದಿಯಿತ್ತು.

ಗಾಡಿಗಳ ವೋಲ್ಟೇಜು ಮಾತ್ರ ಹದಿಮೂರು ಪಾಯಿಂಟ್ ಎರಡು. ನಿನ್ನೆಯೂ ಅಷ್ಟೇ, ಇವತ್ತೂ ಅಷ್ಟೇ.

ಸುಗಲಾಳಿಗೆ ಭಯ ಹುಟ್ಟಿಸುತ್ತಿದ್ದುದು ಇದೇ. ಹಳೆಯ ಕಾಲದ ಸೀಸದ ಬ್ಯಾಟರಿಗಳು ಖಾಲಿಯಾಗುತ್ತ ಬಂದಂತೆ ವೋಲ್ಟೇಜನ್ನೂ ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಿದ್ದವು, ನೋಡಿದವರಿಗೆ ತಿಳಿಯುತ್ತಿತ್ತು. ಈ ಲಿಥಿಯಂ ಬ್ಯಾಟರಿಗಳದು ಬೇರೆ ಸ್ವಭಾವ. ಮುಕ್ಕಾಲು ಹೊಟ್ಟೆ ಇದ್ದಾಗಲೂ ಹದಿಮೂರು ಪಾಯಿಂಟ್ ಎರಡು, ಕಾಲು ಹೊಟ್ಟೆಗೆ ಬಂದಾಗಲೂ ಹೆಚ್ಚುಕಡಿಮೆ ಅಷ್ಟೇ. ಕೊನೆಗೆ ಒಮ್ಮೆ ಸಣ್ಣಗೆ ಬಾಗುತ್ತದೆ. ಆಮೇಲೆ ಬಾವಿಗೆ ಬಿಟ್ಟ ಕೊಡದಂತೆ ಇಳಿದುಬಿಡುತ್ತದೆ. ಅದಕ್ಕೇ ಮೀಟರು ವೋಲ್ಟೇಜಿನ ಜೊತೆಗೆ ಎಷ್ಟು ಕರೆಂಟು ಒಳಗೆ ಬಂತು, ಎಷ್ಟು ಹೊರಗೆ ಹೋಯಿತು ಎಂದು ಲೆಕ್ಕ ಇಡುತ್ತಿತ್ತು. ಆ ಲೆಕ್ಕದ ಪ್ರಕಾರ ಅವಳ ಅವ್ವನ ಗಾಡಿಯಲ್ಲಿ ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಸಂಜೆಯವರೆಗೆ ಧಾರಾಳ.

ಅಪ್ಪನ ಉಸಿರನ್ನು ಇನ್ನೊಮ್ಮೆ ನೋಡೋಣವೆಂದು ಅವಳು ಪರದೆಯನ್ನು ಹಿಗ್ಗಿಸಿದಳು. ಕೈತಪ್ಪಿ ಬೇರೆ ಗೆರೆ ಹಿಗ್ಗಿತು. ಅದು ಬಿಡಾರದ ಆ ತುದಿಯಲ್ಲಿ ನಿಂತ ಚಂದಪ್ಪ ಕಾಕಾನ ಗಾಡಿ.

ಅಲ್ಲಿಯೂ ಅಪ್ಪ ಉಸಿರಾಡುತ್ತಿದ್ದ.

ಅವಳು ಕಣ್ಣುಜ್ಜಿಕೊಂಡಳು. ಚಂದಪ್ಪನ ಮನೆಯಲ್ಲಿ ಅಂಥ ಯಂತ್ರವಿಲ್ಲ. ಮುಂದಿನ ಗೆರೆ ಹಿಗ್ಗಿಸಿದಳು. ಅದೇ ತಗ್ಗು, ಅದೇ ಉಬ್ಬು, ಕೊಂಚ ಮಸುಕಾಗಿ. ಅದರ ಮುಂದಿನದರಲ್ಲೂ. ಏಳು ಗೆರೆಗಳ ಅಂಕಿಗಳನ್ನು ಒಂದರ ಕೆಳಗೊಂದು ಇಟ್ಟು ನೋಡಿದಳು. ಬೇರೆ ಬೇರೆ ಮನೆಗಳು, ಬೇರೆ ಬೇರೆ ವಯಸ್ಸಿನ ಬ್ಯಾಟರಿಗಳು. ಆದರೂ ಏಳೂ ಒಂದೇ ಅಂಕಿ ಹೇಳುತ್ತಿದ್ದವು.

ಏಳು ಬ್ಯಾಟರಿಗಳು ಏಳಾಗಿರಲಿಲ್ಲ, ಒಂದಾಗಿದ್ದವು.

ಅವಳಿಗೆ ತಟ್ಟನೆ ಹೊಳೆದದ್ದು ಹೆಪ್ಪು.

ಹಿಂದಿನ ವಾರ ಅವಳು ರಜೆ ಹಾಕಿ ಗಾಡಿಗೆ ಹೋಗಿದ್ದಳು. ಅವ್ವ ಬೌರವ್ವ ರೊಟ್ಟಿ ಬಡಿಯುತ್ತಿದ್ದಾಗ ನೆರೆಗಾಡಿಯ ಹುಸೇನಬಿ ಬಾಗಿಲಲ್ಲಿ ನಿಂತಳು. ಅವಳ ಸೊಸೆ ಮೆಹಬೂಬಿ ಹಸಿ ಬಾಣಂತಿ. ಮಗ ಆಡುಗಳನ್ನು ಹೊಡೆದುಕೊಂಡು ಮುಂದೆ ಹೋಗಿದ್ದ.

“ಬೌರವ್ವಾ, ನಮ್ದು ಮಲಕ್ಕೊಂಡೈತಿ ಬೇ. ಒಂದೀಟು ಹೆಪ್ಪು ಕೊಡ್ತಿ?”

ಪೂರ್ತಿ ಖಾಲಿಯಾದ ಬ್ಯಾಟರಿ ತನ್ನನ್ನು ತಾನೇ ಮುಚ್ಚಿಕೊಂಡು ಮಲಗುತ್ತದೆ. ಹೊರಗಿನಿಂದ ಒಂದಿಷ್ಟು ವೋಲ್ಟೇಜು ಮುಟ್ಟಿಸದೆ ಅದು ಏಳುವುದಿಲ್ಲ. ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೀಗಾಗಿ ಗಾಡಿಗಳ ಜನ ಅದನ್ನು ಹೆಪ್ಪು ಎಂದೇ ಕರೆಯುತ್ತಿದ್ದರು.

ಬೌರವ್ವ ಮೊದಲು ಮಾಡಿದ ಕೆಲಸವೆಂದರೆ, ಗೋಡೆಯ ಮೀಟರಿನ ಮೇಲೆ ಕುಪ್ಪಸದ ಖಣವೊಂದನ್ನು ಇಳಿಬಿಟ್ಟದ್ದು. ಬಂದವರ ಎದುರು ಮೀಟರು ತೆರೆದಿಡುವುದೆಂದರೆ ಕೊಡುವ ಮುಂಚೆಯೇ ನಮ್ಮಲ್ಲಿ ಎಷ್ಟಿದೆ ನೋಡು ಎಂದು ಅಂದಂತೆ. ಆಮೇಲೆ ಅವಳು ಸೀಟು ಎತ್ತಿ ದಪ್ಪ ತಂತಿಯನ್ನು ನೇರ ಬ್ಯಾಟರಿಯ ತುದಿಗಳಿಗೇ ಹಚ್ಚಿದಳು.

“ಯವ್ವಾ, ಹೊರಗಿನ ಸಾಕೆಟ್ಟಿಗೆ ಹಚ್ಚು. ಹಿಂಗ ಹಚ್ಚಿದ್ರ ಮೀಟರಿನ ಲೆಕ್ಕಕ್ಕ ಸಿಗಂಗಿಲ್ಲ.”

“ಸಾಕೆಟ್ಟಿಗೆ ಹಚ್ಚಿದ್ರ ನಿಮ್ಮ ಆಫೀಸಿನವ್ರು ಅಲ್ಲಿಂದನ ಕಟ್ ಮಾಡ್ತಾರ. ಬಾಣಂತಿ ಮನಿಗೆ ಕೊಡಾಕ ಅವರನ್ಯಾಕ ಕೇಳ್ಬೇಕು?”

“ಯಾವಾಗ ತಗೀತಿ ಮತ್ತ?”

“ನಾ ಯಾಕ ತಗೀಲಿ? ಕೊಟ್ಟಾಕಿ ನಾನು. ಆಕಿ ತಂದು ಕೊಡ್ತಾಳ.”

ಅದೂ ರೂಢಿಯೇ. ತೆಗೆದುಕೊಂಡವರು ತಂತಿ ಸುತ್ತಿ, ಮೇಲೊಂದು ಬೆಲ್ಲದ ಹರಳಿಟ್ಟು ತಾವಾಗಿ ತಂದುಕೊಡಬೇಕು. ಕೊಟ್ಟವರು ಹೋಗಿ ತಂತಿ ಕಿತ್ತರೆ ಅದು ಉಣ್ಣುವವರ ಮುಂದಿನ ತಾಟು ಎಳೆದುಕೊಂಡಷ್ಟು ಕೆಟ್ಟದ್ದು.

“ಇಷ್ಟು ಮಾತು ಆಫೀಸಿನ್ಯಾಗ ಆಡ್ತಿಯೇನು? ಇಲ್ಲಿ ಅವ್ವನ ಮುಂದ ಅಷ್ಟ ನಿನ್ನ ಕಾನೂನು,” ಎಂದು ಬೌರವ್ವ ಹಿಟ್ಟಿನ ಕೈಯಲ್ಲೇ ಮಗಳ ಗಲ್ಲ ಹಿಂಡಿದಳು.

ನಳಿಗೆಯ ಹಿಂದಿನಿಂದ ಅಪ್ಪ ನಕ್ಕ. “ಬಿಡ. ಆಕಿ ಬಾಯಿಗೂ ಯಾರರ ಹೆಪ್ಪು ಹಾಕ್ಬೇಕು.”

ಆ ನಗೆ ಅವಳ ಕಿವಿಯಲ್ಲಿ ಇರುವಾಗಲೇ ಪರದೆಯ ಮೇಲಿನ ಏಳು ಗೆರೆಗಳು ಒಟ್ಟಿಗೇ, ಒಂದೇ ಒಂದು ಎಳೆಯಷ್ಟು, ಬಾಗಿದವು.

ಬಿರುಗಾಳಿಯ ಎರಡು ದಿನಗಳಲ್ಲಿ ಏನಾಗಿರಬಹುದೆಂದು ಅವಳು ಊಹಿಸಬಲ್ಲಳು. ಅವ್ವ ಮತ್ತೆ ಹುಸೇನಬಿಗೆ ಕೊಟ್ಟಳು. ಆ ಮನೆ ಆಚೆಯವರಿಗೆ, ಆಚೆಯವರು ಇನ್ನೊಬ್ಬರಿಗೆ, ಹೀಗೇ ಚಂದಪ್ಪನವರೆಗೆ. ಎಲ್ಲರೂ ಕೊಟ್ಟವರೇ, ತೆಗೆಯುವವರು ಯಾರೂ ಇಲ್ಲ. ಯಾರಿಗಾದರೂ ಸಂಶಯ ಬಂದು ಖಣ ಸರಿಸಿ ಇಣುಕಿದ್ದರೂ ಕಂಡದ್ದು ಹದಿಮೂರು ಪಾಯಿಂಟ್ ಎರಡು. ತುಂಬೈತಿ ಬಿಡು ಎಂದುಕೊಂಡಿರುತ್ತಾರೆ. ತಂತಿಗಳ ಮೂಲಕ ಹರಿದದ್ದು ಯಾವ ಮೀಟರಿನ ಲೆಕ್ಕಕ್ಕೂ ಬಂದಿಲ್ಲ. ಏಳು ಏಸಿಗಳು ಒಂದೇ ಬಾವಿಯಿಂದ ಸೇದುತ್ತಿವೆ, ಬಾವಿಯ ತಳ ಕಂಡಿದೆ.

ಅವಳು ಬರೆದಳು. ಎಲ್ಲ ಗಾಡಿಗಳಿಗೂ: ಏಸಿ ಆರಿಸಿ, ತಂತಿಗಳ ವಿಷಯ ಗೊತ್ತಾಗಿದೆ, ಎಲ್ಲರೂ ಒಂದೇ ಗಾಡಿಗೆ ಸೇರಿಕೊಳ್ಳಿ. ಕಳಿಸಿದಳು. ಕಾದಳು. ಒಂದು ಏಸಿಯೂ ಆರಲಿಲ್ಲ. ಮತ್ತೆ ಕಳಿಸಿದಳು. ಗೆರೆಗಳು ಹದಿಮೂರಕ್ಕೆ ಇಳಿದವು.

ಆಗ ತಿಳಿಯಿತು. ಈ ಸೆಕೆಯಲ್ಲಿ ಒಬ್ಬರ ಗಾಡಿಯಲ್ಲಿ ಒಬ್ಬರು ಕೂತಿರುತ್ತಾರೆ. ಬಂದವರಿದ್ದಾರೆ ಎಂದಮೇಲೆ ಪ್ರತಿ ಮೀಟರಿನ ಮೇಲೂ ಒಂದು ಖಣ ಇಳಿಬಿದ್ದಿದೆ. ಅವಳು ಬರೆದ ಅಕ್ಷರಗಳೆಲ್ಲ ಏಳು ಬಟ್ಟೆಗಳ ಹಿಂದೆ ಮಿನುಗುತ್ತ ಕೂತಿವೆ.

“ಸರ್,” ಎಂದಳು. ದನಿ ಹೊರಡಲಿಲ್ಲ. ಎದ್ದು ಹೋಗಿ ಘಾಟಗೆಯವರ ಅಂಗಿಯ ತೋಳು ಹಿಡಿದು ಎಳೆದು ತಂದಳು. ಅವರು ಬೆರಗಾಗಿ ಬಂದು ನೋಡಿದರು. ಕಲಿತ ಮನುಷ್ಯ, ಗೆರೆಗಳನ್ನು ನೋಡುತ್ತಿದ್ದಂತೆ ಅವರ ಮುಖ ಬೂದಿಯಾಯಿತು.

“ಇಲ್ಲಿಂದ ಏಸಿ ಆರಿಸಬಹುದು. ಆ ಕೀಲಿ ಒತ್ತೂ ಅಧಿಕಾರ ನನಗೈತಿ,” ಎಂದರು. “ಆದ್ರ ಒಳಗ ಮಂದಿ ಇರೋವಾಗ ಆರಿಸಿದ್ರ... ಆರಿಸದಿದ್ರ ಎಲ್ಲಾ ಒಮ್ಮೆಗೇ ಬೀಳ್ತಾವ. ಲಾರಿ ಇನ್ನೂ ಬಾಳ ದೂರ ಐತಿ.” ಅವರು ದನಿ ತಗ್ಗಿಸಿದರು. “ನಿಮ್ಮೂರಿನ ಗಾಡಿ ಅಲ್ರಿ ಇವು? ನಿಮ್ಮವರದು ಯಾವುದು? ಅದೊಂದನ್ನ ಬಿಟ್ಟು ಉಳಿದದ್ದು ಆರಿಸ್ತೀನಿ.”

ಹೂಂ ಎನ್ನಲು ಅವಳ ನಾಲಿಗೆ ಆಗಲೇ ಹೊರಳಿತ್ತು. ಅಪ್ಪ ಉಳಿಯುತ್ತಾನೆ. ಚಂದಪ್ಪ ಕಾಕಾ, ಮೆಹಬೂಬಿ, ಇನ್ನೂ ಹೆಸರಿಡದ ಕೂಸು, ತಗಡಿನ ಡಬ್ಬಿಯೊಳಗೆ. ಅವಳು ಮೈಕಿನ ಪ್ಲಾಸ್ಟಿಕ್ ಚೀಲವನ್ನು ಹಲ್ಲಿನಿಂದ ಹರಿದಳು.

“ತಡೀರಿ ಸರ್.”

ಗುಂಡಿ ಒತ್ತಿದಳು. ಗಂಟಲಿನಿಂದ ಮೊದಲು ಬರಿಯ ಗಾಳಿ ಬಂತು. ಆಮೇಲೆ ಮಾತು.

“ಯವ್ವಾ, ನಾ ಸುಗಲಾ ಮಾತಾಡಾಕತ್ತೀನಿ. ರೆಕಾರ್ಡ್ ಅಲ್ಲ ಇದು, ನಾನ. ಮೀಟರಿನ್ಯಾಗಿಂದ. ನೀ ಏನಂದ್ರೂ ನನಗ ಕೇಳಂಗಿಲ್ಲ. ನನ್ನ ಮಾತು ಕೇಳಿಸಿದ್ರ ಮಿಕ್ಸರ್ ಒಮ್ಮೆ ತಿರುವು. ಅಷ್ಟ ಸಾಕು, ಗೆರಿ ಇಳಿಯೂದು ನನಗ ಇಲ್ಲಿ ಕಾಣ್ತೈತಿ.”

ಗುಂಡಿ ಬಿಟ್ಟಳು. ಕೋಣೆಯಲ್ಲಿ ಉಳಿದವರೆಲ್ಲ ತಿರುಗಿ ಅವಳನ್ನೇ ನೋಡುತ್ತಿದ್ದರು. ಗೆರೆ ಹಾಗೇ ಓಡಿತು. ತಗ್ಗು, ಉಬ್ಬು. ಅಪ್ಪ ಇದ್ದ. ಅವ್ವ ಎಲ್ಲಿದ್ದಾಳೆ? ಯಾರದೋ ಗಾಡಿಯಲ್ಲಿ ಬಾಣಂತಿಗೆ ಎಣ್ಣೆ ತಿಕ್ಕುತ್ತಿದ್ದರೆ? ಅಪ್ಪ ಒಬ್ಬನೇ ಮಲಗಿದ್ದು, ಏಳಲಾಗದೆ ಮಗಳ ದನಿ ಕೇಳುತ್ತಿದ್ದರೆ?

ಏಳು ಗೆರೆಗಳೂ ಒಮ್ಮೆಗೇ ಕುಳಿ ಬಿದ್ದು ಎದ್ದವು.

“ಮಿಕ್ಸರ್,” ಎಂದಳು ಸುಗಲಾ. ಘಾಟಗೆ ಸರ್ ಖುರ್ಚಿಯ ಬೆನ್ನು ಹಿಡಿದುಕೊಂಡರು.

ಈಗ ಅವಳು ನಿಲ್ಲಿಸಲಿಲ್ಲ. “ಯವ್ವಾ, ನಿಮ್ಮ ಹೆಪ್ಪಿನ ತಂತಿ ಏಳೂ ಗಾಡಿಗೆ ಸುತ್ತ್ಯಾವ. ಎಲ್ಲಾರ ಬ್ಯಾಟರಿ ಒಂದ ಆಗೈತಿ, ಎಲ್ಲಾ ಕೂಡೇ ಮುಗ್ಯಾಕ ಬಂದೈತಿ. ಮೀಟರಿನ ಅಂಕಿ ನಂಬಬ್ಯಾಡ್ರಿ. ಯಾರೂ ತಂತಿ ಕೀಳೂದು ಬ್ಯಾಡ, ಯಾರ ಮರ್ಯಾದಿನೂ ಹೋಗಂಗಿಲ್ಲ. ತಂತಿ ಇರಲಿ. ಮಂದಿ ಎಲ್ಲಾ ನಮ್ಮ ಗಾಡಿಗೆ ಬರ್ರಿ. ಅಪ್ಪನ ಮಿಶಿನ್ ಎತ್ತಾಕ ಆಗಂಗಿಲ್ಲ, ಅದಕ್ಕ ನಮ್ಮ ಗಾಡಿಗೇ ಬರ್ರಿ. ತಲಿಗೆ ಹಸಿ ಅರಿಬಿ ಸುತ್ಕೊಂಡು ಬರ್ರಿ. ಬರೂ ಮುಂಚೆ ನಿಮ್ಮ ನಿಮ್ಮ ಏಸಿ ಆರಿಸ್ರಿ. ಚಂದಪ್ಪ ಕಾಕಾ, ಮೊದಲು ನೀ ಆರಿಸು. ನೀ ಆರಿಸಿದ್ರ ಉಳಿದವ್ರು ಆರಿಸ್ತಾರ.”

ಮೊದಲು ಚಂದಪ್ಪನ ಗಾಡಿಯ ಕರೆಂಟು ಸೊನ್ನೆಗೆ ಇಳಿಯಿತು. ಆಮೇಲೆ ಇನ್ನೊಂದು. ಒಂದೊಂದು ಆರಿದಾಗಲೂ ಗೆರೆಗಳು ಒಂದು ಕೂದಲು ಮೇಲೆದ್ದು ಮತ್ತೆ ಇಳಿಯುತ್ತಿದ್ದವು. ಪ್ರತಿ ಸಲವೂ ಅವಳಿಗೆ ಕಾಣುತ್ತಿದ್ದುದು ಅಂಕಿಯಲ್ಲ. ಕೆಂಪು ಧೂಳಿನಲ್ಲಿ ಹಸಿ ಟವೆಲ್ಲು ಸುತ್ತಿಕೊಂಡು ಓಡುವ ಒಂದು ಮನೆಯ ಮಂದಿ. ಟವೆಲ್ಲು ಹತ್ತು ಹೆಜ್ಜೆಗೆ ಒಣಗುತ್ತದೆ. ದಾರಿಯಲ್ಲಿ ಯಾರಾದರೂ ಬಿದ್ದರೆ ಯಾವ ಮೀಟರೂ ಅದನ್ನು ಹೇಳುವುದಿಲ್ಲ.

ಐದು ಏಸಿಗಳು ಆರಿದವು. ಒಂದು ಆರಲಿಲ್ಲ. ಅದು ಹುಸೇನಬಿಯದು.

“ಯಾಕ ಆರಿಸವಲ್ರು?” ಘಾಟಗೆ ಕೇಳಿದರು.

“ಬಾಣಂತಿ ಸರ್. ಹೊಸ್ತಿಲು ದಾಟಂಗಿಲ್ಲ. ಗಂಡಸರು ಕೂತಲ್ಲಿ ಬರಂಗಿಲ್ಲ.”

“ಇಷ್ಟು ಮಂದಿ ಉಳೀಬೇಕಲ್ರೀ. ನಾ ಕೀಲಿ ಒತ್ತಲಾ? ಒತ್ತಿದ್ರ ಹೊರಗ ಬಂದೇ ಬರ್ತಾರ.”

“ಬರದಿದ್ರ?”

ಅವರು ಪರದೆಯತ್ತ ನೋಡಿದರು. ಬೆರಳು ಕೀಲಿಯ ಮೇಲೇ ಇತ್ತು. ಹನ್ನೆರಡು ಪಾಯಿಂಟ್ ಏಳು.

ಸುಗಲಾ ಮೈಕಿಗೆ ಬಾಯಿ ಹಚ್ಚಿದಳು. “ಹುಸೇನಬಿ ಚಿಗವ್ವಾ, ನಿನಗ ಕೈ ಮುಗೀತೀನಿ. ಮೆಹಬೂಬಿ ಅಕ್ಕನ್ನ ಎಬ್ಬಿಸು. ಯವ್ವಾ, ನೀ ಕೌದಿ ತೋಯಿಸಿಕೊಂಡು ಹೋಗು, ಅಕ್ಕನ್ನೂ ಕೂಸನ್ನೂ ಪೂರಾ ಮುಚ್ಚಿ ಕರಕೊಂಡು ಬಾ. ಗಾಡಿ ಒಳಗ ನಿನ್ನ ಸೀರಿ ಅಡ್ಡ ಕಟ್ಟು. ಗಂಡಸರೆಲ್ಲ ಆ ಕಡೆ ಗ್ವಾಡಿಗೆ ಮಾರಿ ಮಾಡಿ ಕುಂಡ್ರಲಿ. ಚಿಗವ್ವಾ, ಬಾಣಂತನ ಮಾಡಾಕ ಕೂಸು ಬದುಕಬೇಕಲ್ಲ.”

ಕೊನೆಯ ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳೇ ಹೆದರಿದಳು.

ಹನ್ನೆರಡು ಪಾಯಿಂಟ್ ಆರು. ಹುಸೇನಬಿಯ ಏಸಿ ಓಡುತ್ತಲೇ ಇತ್ತು. ಘಾಟಗೆಯವರ ಹಣೆಯಿಂದ ಬೆವರ ಹನಿ ಮೇಜಿನ ಮೇಲೆ ಬಿತ್ತು. ಸುಗಲಾ ಅವರ ಮಣಿಕಟ್ಟನ್ನು ಹಿಡಿದಳು, ಬಿಡಲಿಲ್ಲ.

ಏಸಿ ಆರಿತು. ಕರೆಂಟು ಸೊನ್ನೆ.

“ಎಲ್ಲಾರೂ ಬಂದ ಮ್ಯಾಲೆ ಎರಡು ಸಲ ತಿರುವು ಯವ್ವಾ. ಎಲ್ಲಾರೂ ಅಂದ್ರ ಎಲ್ಲಾರೂ.”

ಆ ಕಾಯುವಿಕೆ ಅವಳಿಗೆ ಮುಂದೆಂದೂ ಪೂರ್ತಿ ನೆನಪಾಗಲಿಲ್ಲ. ನೆನಪಿದ್ದದ್ದು ಗೆರೆಯ ತಗ್ಗು, ಉಬ್ಬು, ಮತ್ತು ತಾನೂ ಅದರ ಜೊತೆಗೇ ಉಸಿರೆಳೆಯುತ್ತಿದ್ದದ್ದು. ಕೊನೆಗೂ ಗೆರೆ ಕುಳಿ ಬಿತ್ತು. ಒಮ್ಮೆ. ಅವಳು ಕಾದಳು. ಇನ್ನೊಮ್ಮೆ.

ಆರು ಜನಕ್ಕೆಂದು ಕಟ್ಟಿದ ಮೋಜಿನ ಗಾಡಿಯಲ್ಲಿ ಈಗ ಏಳು ಮನೆಯವರು. ಒಂದು ಏಸಿ, ಒಂದು ಆಕ್ಸಿಜನ್ ಯಂತ್ರ. ಏಳು ಬ್ಯಾಟರಿಗಳ ತಳದಲ್ಲಿ ಉಳಿದ ಗುಟುಕೆಲ್ಲ ಅವ್ವ ಹಚ್ಚಿದ ತಂತಿಗಳಲ್ಲೇ ಹರಿದು ಅಲ್ಲಿಗೆ ಬರುತ್ತಿತ್ತು.

ಹೊರಗೆ ಹೊತ್ತು ಇಳಿಯತೊಡಗಿತ್ತು. ಲಾರಿಯ ಸುದ್ದಿಯಿರಲಿಲ್ಲ. ಧೂಳಿನಲ್ಲಿ ದಾರಿ ತಪ್ಪಿದೆಯೆಂದು ಒಬ್ಬರು, ಸೇತುವೆಯ ಬಳಿ ನಿಂತಿದೆಯೆಂದು ಇನ್ನೊಬ್ಬರು. ಗೆರೆಗಳು ಹನ್ನೆರಡರ ಕೆಳಗೆ ಇಳಿದವು. ಮೊದಲು ಚಂದಪ್ಪನ ಬ್ಯಾಟರಿ ತನ್ನನ್ನು ತಾನು ಮುಚ್ಚಿಕೊಂಡು ಮಲಗಿತು. ಅದರ ಹೊರೆ ಉಳಿದವುಗಳ ಮೇಲೆ ಬಿತ್ತು. ಮುಂದಿನದು ಇನ್ನೂ ಬೇಗ ಮಲಗಿತು. ನೊಗ ಹೊತ್ತ ಎತ್ತುಗಳು ಒಂದೊಂದಾಗಿ ಮೊಣಕಾಲೂರಿದಂತೆ. ಕೊನೆಗೆ ಪರದೆಯ ಮೇಲೆ ಒಂದೇ ಗೆರೆ, ಕಡಿದಾದ ಇಳಿಜಾರಿನಲ್ಲಿ. ಆ ಇಳಿಜಾರಿನಲ್ಲೂ ತಗ್ಗು, ಉಬ್ಬು.

“ಅಪ್ಪಾ, ಲಾರಿ ಬಂತು, ಜೀಂವ ಹಿಡ್ಕೋ,” ಎಂದು ಅವಳು ಮೈಕಿನಲ್ಲಿ ಸುಳ್ಳು ಹೇಳಿದಳು.

ಗೆರೆ ನಿಂತಿತು. ಮೀಟರಿಗೂ ಅದೇ ಬ್ಯಾಟರಿ. ಅದು ಮಲಗಿತೆಂದರೆ ಕಾಣುವ ಕಣ್ಣೂ ಮುಚ್ಚಿದಂತೆ.

ಯಾರೋ ಅವಳ ಮುಂದೆ ಚಹಾ ಇಟ್ಟರು. ಅದರ ಮೇಲೆ ಕೆನೆ ಕಟ್ಟಿತು. ಕಪ್ಪು ಪರದೆಯಲ್ಲಿ ತನ್ನದೇ ಮುಖ ಕಾಣುತ್ತಿತ್ತು. ಅವಳು ಅದರಾಚೆ ನೋಡಲು ಯತ್ನಿಸುತ್ತಿದ್ದಳು. ಮುಚ್ಚಿದ ಬಾಗಿಲು, ಅಡ್ಡ ಕಟ್ಟಿದ ಸೀರೆ, ಗೋಡೆಗೆ ಮುಖ ಮಾಡಿ ಕುಳಿತ ಗಂಡಸರು, ಬೀಸಣಿಕೆಯಾಗಿರುವ ಮೊರ. ಒಂದು ನಳಿಗೆ, ಅದರೊಳಗೆ ಏನೂ ಹರಿಯುತ್ತಿಲ್ಲ.

ಪರದೆಯ ಮೂಲೆಯಲ್ಲಿ ಹೊಸದೊಂದು ಗೆರೆ ಹೊತ್ತಿಕೊಂಡಿತು. ಹದಿನಾಲ್ಕು ಪಾಯಿಂಟ್ ನಾಲ್ಕು. ಹೆಸರಿನ ಜಾಗದಲ್ಲಿ ಲಾರಿಯ ನಂಬರು.

“ಮುಟ್ಟಿತು,” ಎಂದರು ಘಾಟಗೆ. ಗೆರೆ ನುಣ್ಣಗಿತ್ತು, ಹಲಗೆಯ ಅಂಚಿನಂತೆ. ಸುಗಲಾ ಅದನ್ನು ಹಿಗ್ಗಿಸಿದಳು. ನುಣ್ಣಗೆ. ಇನ್ನೂ ಹಿಗ್ಗಿಸಿದಳು. ಲಾರಿಯವನು ಇಳಿಯಬೇಕು, ತಂತಿ ಬಿಚ್ಚಬೇಕು, ಯಾವ ಗಾಡಿಯಲ್ಲಿ ಮಂದಿ ಇದ್ದಾರೆಂದು ಹುಡುಕಬೇಕು. ಗೆರೆ ಒಮ್ಮೆ ಧಡಕ್ಕನೆ ಕುಸಿದು ನಿಂತಿತು. ಹಸಿದ ಬ್ಯಾಟರಿಗೆ ತಂತಿ ಮುಟ್ಟಿತ್ತು, ಹೆಪ್ಪು ಬಿದ್ದಿತ್ತು, ಗಾಡಿಯ ಮೀಟರು ಮಾತ್ರ ಇನ್ನೂ ಎದ್ದಿರಲಿಲ್ಲ. ಆಮೇಲೆ ಇನ್ನೊಂದು ಕುಸಿತ, ಏಸಿಯದು. ಆಮೇಲೆ ಮತ್ತೆ ನುಣ್ಣಗೆ.

ಅವಳು ನೋಡುತ್ತಲೇ ಇದ್ದಳು. ರೆಪ್ಪೆ ಬಡಿದರೆ ತಪ್ಪಿಹೋದೀತು ಎಂಬಂತೆ.

ಘಾಟಗೆ ಸರ್ ಕನ್ನಡಕ ಒರೆಸಿ ಹಾಕಿಕೊಂಡು ಬಗ್ಗಿದರು. “ಲಾರಿ ಗೆರಿಯೊಳಗ ಅದೇನ್ರೀ, ಸಣ್ಣಗ ನಡಗಾಕತ್ತೈತಲ್ಲ? ಫಿಲ್ಟರ್...”

“ಬ್ಯಾಡ್ರಿ ಸರ್,” ಎಂದಳು ಸುಗಲಾ, ಕೋಣೆಗೆಲ್ಲ ಕೇಳುವಂತೆ. “ಅದು ನಮ್ಮಪ್ಪ.”